ಮೂಲೆಯಲ್ಲಿ ಹಾಕಿದ ಎಲೆ

ತಣಿಸಂದ್ರ
4 ಜುಲೈ 2011

ಅಕ್ಕ ಮುನಿಕೆಂಪಮ್ಮನಿಗೆ, ತಮ್ಮ ಸೊಣ್ಣಪ್ಪ ಬರೆಯೋದು.

ಮೊನ್ನೆ ಶಿಡ್ಲಘಟ್ಟಕ್ಕೆ ಬಂದಾಗ ಮಾತು ಪೂರ್ತಿ ಆಗಲಿಲ್ಲ. ಜ್ವರ ಬಂದು ನಿನ್ನ ಕಿವಿ ಹೋದಾಗಿನಿಂದ ನಿನ್ನ ಹತ್ರ ಗುಟ್ಟು ಹೇಳಬೇಕು ಅಂದ್ರೆ ಮೈಕ್ ಸೆಟ್ಟು ಬಾಡಿಗೆಗೆ ತರಬೇಕು. "ಅಶ್ವತ್ಥ್ ಇಲ್ಲಿಗೆ ಬಂದಿದ್ನಾ?" ಅಂತ ನಾನು ಕೂಗಿದ್ದಕ್ಕೆ ನಿಮ್ಮ ಬೀದಿ ಹೆಂಗಸರೆಲ್ಲ "ಇಲ್ಲ ಇಲ್ಲ" ಅಂದ್ರು. ನೀನು ಮಾತ್ರ ಒಲೆ ಕಡೆ ನೋಡ್ತಿದ್ದೆ. ಅದಕ್ಕೇ ಈ ಕಾಗದ. ಐದನೇ ಕ್ಲಾಸಿನ ಬಂಡವಾಳ ನಂದು, ತಪ್ಪಿದ್ರೆ ನೀನೇ ತಿದ್ದಿ ಓದ್ಕೋ.

ನಿನ್ನ ಮಗ ಅಶ್ವತ್ಥ್‌ನ ಸುದ್ದಿ ಇನ್ನೂ ಇಲ್ಲ. ಯಶವಂತಪುರ ಮಾರ್ಕೆಟ್ಟಿಗೆ ಹೋಗಿ ಟೆಂಪೋ ಓನರ್ ನಂದಕುಮಾರ್‌ನ ಕೇಳ್ದೆ. "ಬೆಳಗ್ಗೆ ಟೆಂಪೋ ತಂದು ನಿಲ್ಸಿ, ಕೀ ಮೇಜಿನ ಮೇಲಿಟ್ಟು, ಒಂದು ಮಾತೂ ಆಡ್ದೆ ಹೋದ ಕಣ್ರೀ" ಅಂದ. ಜಗಳ ಇಲ್ಲ, ಕುಡಿತ ಇಲ್ಲ, ಹುಡುಗಿ ಗಿಡುಗಿ ಇಲ್ಲ. ಹುಡುಗಿ ಇದ್ದಿದ್ರೆ ನಾನೇ ಶಾಮಿಯಾನ ಹಾಕಿ ಮದುವೆ ಮಾಡ್ತಿದ್ದೆ, ಅಂಗಡಿ ನಮ್ಮದೇ ಅಲ್ವಾ.

ಭಾವ ತೀರಿಹೋದ ವರ್ಷ ನೀನು ಅವನನ್ನ ನನ್ನ ಕೈಗಿಟ್ಟೆ. ಆಗ ನನ್ನ ಸೊಂಟದಷ್ಟಿದ್ದ. ನಮಗೆ ಮಕ್ಕಳಿಲ್ಲ ಅನ್ನೋದನ್ನ ಕಲಾವತಿ ಮರೆತಿದ್ದೇ ಅವನಿಂದ. ಬರೀ ನೀರು ಅವನ ಹೊಟ್ಟೆಗೆ ಆಗಿ ಬರೋಲ್ಲ ಅಂತ ದಿನಾ ಜೀರಿಗೆ ನೀರು ಕಾಯಿಸಿ ಬಾಟಲಿಗೆ ತುಂಬಿಸ್ತಾಳಲ್ಲ, ಇವತ್ತೂ ತುಂಬಿಸಿದ್ಲು. ಸಾಯಂಕಾಲ ನಾನೇ ಕುಡಿದು ಖಾಲಿ ಮಾಡಿದೆ. ತುಂಬಿದ ಬಾಟಲಿ ನೋಡಿದ್ರೆ ಅಳ್ತಾಳೆ.

ನಿನಗೆ ಏನಾದ್ರೂ ಗೊತ್ತಾದ್ರೆ ಒಂದು ಗೆರೆ ಬರಿ.

ನಿನ್ನ ತಮ್ಮ
ಸೊಣ್ಣ


ಶಿಡ್ಲಘಟ್ಟ
13 ಜುಲೈ 2011

ಸೊಣ್ಣಪ್ಪನಿಗೆ ಆಶೀರ್ವಾದ.

ನಿನ್ನ ಕಾಗದ ಬಂತು. ದಿನವೆಲ್ಲ ಬಿಸಿನೀರಿನಲ್ಲಿ ಕೈ ಅದ್ದಿ ರೇಷ್ಮೆ ನೂಲು ತೆಗೆದು ಬೆರಳು ಬೆಂದಿವೆ, ಪೆನ್ನು ನಿಲ್ಲುವುದಿಲ್ಲ. ಚುಟುಕಾಗಿ ಬರೆಯುತ್ತೇನೆ.

ಅವನನ್ನು ಹುಡುಕಬೇಡ. ದೊಡ್ಡವನಾಗಿದ್ದಾನೆ, ಎಲ್ಲೋ ಕೆಲಸ ಮಾಡಿಕೊಂಡಿರುತ್ತಾನೆ. ಪೊಲೀಸ್ ಕಂಪ್ಲೇಂಟು ಕೊಡಬೇಡ. ಪೇಪರಿಗೆ ಫೋಟೋ ಕೊಡಬೇಡ. ನನ್ನ ಮೇಲೆ ಆಣೆ.

ಕಲಾವತಿಗೆ ಜೀರಿಗೆ ಕಾಯಿಸುವುದನ್ನು ಬಿಡಲು ಹೇಳು.

ಮುನಿಕೆಂಪಮ್ಮ


ತಣಿಸಂದ್ರ
24 ಜುಲೈ 2011

ಅಕ್ಕಾ,

ಹುಡುಕಬೇಡ ಅಂದೆ. ಸರಿ, ಹುಡುಕ್ತಾ ಇಲ್ಲ. ಮನೇಲಿ ಗೋಡೆ ನೋಡ್ಕೊಂಡು ಕೂರೋಕೂ ಆಗಲ್ಲ. ಆಷಾಢ ಬೇರೆ, ಮದುವೆ ಇಲ್ಲ, ಅಂಗಡಿ ಕುರ್ಚಿಗಳ ಮೇಲೆ ಬೆಕ್ಕು ಮಲಗಿದೆ. ಅದಕ್ಕೆ ಒಂದು ಸೇವಾ ಬಳಗ ಸೇರಿದೀನಿ. ರಿಟೈರ್ ಆದ ನರ್ಸು ಸರಳಾ ಮೇಡಂ ಅಂತ, ಅವರು ನಡೆಸೋದು. ಜನಕ್ಕೆ ಊಟ ಬಡಿಸೋದು, ಅದು ಇದು ಸಹಾಯ ಮಾಡೋದು.

ಸೇರಿದ್ರೆ ಏನು ಲಾಭ ಅಂತೀಯಾ? ಮೊದಲನೇದು, ಹಳದಿ ಟೀ ಶರ್ಟು ಕೊಡ್ತಾರೆ. ನಾನು ಅದನ್ನ ಹಾಕ್ಕೊಂಡು ಹೆಬ್ಬಾಳದಲ್ಲಿ ನಿಂತ್ರೆ ಸ್ಕೂಲ್ ಬಸ್ಸು ಕೆಟ್ಟು ನಿಂತಂಗೆ ಕಾಣ್ತೀನಿ. ಬೆಳಗ್ಗೆ ಉಪ್ಪಿಟ್ಟು ಪುಕ್ಕಟೆ. ಆರ್.ಟಿ. ನಗರದಲ್ಲಿ ಕಟಿಂಗ್ ಶಾಪ್ ಇಟ್ಟಿರೋ ವಾಜಿದ್ ಭಾಯ್ ನಮ್ಮ ಬಳಗದೋನೇ, ಶೇವಿಂಗೂ ಪುಕ್ಕಟೆ. "ಸೊಣ್ಣಪ್ಪಣ್ಣ, ನಿಮ್ ಗಡ್ಡಕ್ಕಿಂತ ನಿಮ್ ಬಾಯೇ ಜಾಸ್ತಿ ಬೆಳೀತದೆ" ಅಂತಾನೆ. ಎಲ್ಲಕ್ಕಿಂತ ದೊಡ್ಡ ಲಾಭ ಕಲಾವತಿಗೆ. ಅರ್ಧ ದಿನ ನಾನು ಮನೇಲಿರಲ್ಲ.

ಅಲ್ಲಿ ನನಗೊಬ್ಬ ದೋಸ್ತ್ ಸಿಕ್ಕಿದಾನೆ. ಹೆಸರು ಗೊತ್ತಿಲ್ಲ, ಎಲ್ಲಾರೂ ಕಡ್ಲೇಕಾಯಿ ಅಂತ ಕರೀತೀವಿ. ಬಾಯಿ ಬಿಡೋದು ತಿನ್ನೋಕೆ ಮಾತ್ರ. ನಾನು ಜೋಕ್ ಹೇಳಿದ್ರೆ ಮಧ್ಯದಲ್ಲಿ ಎದ್ದು ಹೋಗದೆ ಕೇಳಿಸ್ಕೊಳ್ಳೋ ಮೊದಲನೇ ಮನುಷ್ಯ ಅಕ್ಕಾ ಇವನು. ಕಲಾವತಿ ಕೂಡ ಎದ್ದು ಹೋಗ್ತಾಳೆ.

ನೀನು ಊಟ ಬಿಡಬೇಡ. ಹುಡುಗ ಬಂದೇ ಬರ್ತಾನೆ.

ಸೊಣ್ಣ


ಶಿಡ್ಲಘಟ್ಟ
22 ಆಗಸ್ಟ್ 2011

ಸೊಣ್ಣಪ್ಪ,

ನಿನ್ನ ಹಳದಿ ಅಂಗಿಯ ಕಥೆ ಓದಿ ನನಗೆ ನಗು ಬರಲಿಲ್ಲ. ಹೆತ್ತಿದ್ದರೆ ನಿನಗೂ ತಿಳಿಯುತ್ತಿತ್ತು. ಊರಿನವರಿಗೆ ಉಪ್ಪಿಟ್ಟು ಬಡಿಸಿಕೊಂಡು, ದೋಸ್ತ್ ಮಾಡಿಕೊಂಡು ಕೂತಿದ್ದೀಯ. ಇರಲಿ, ಸಂತೋಷವಾಗಿರು.

ಆ ನಂದಕುಮಾರ್ ಟೆಂಪೋ ವಿಷಯ ಏನಾದರೂ ಹೇಳಿದರಾ? ಯಾರಾದರೂ ಬಂದು ಟೆಂಪೋ ನೋಡಿಕೊಂಡು ಹೋದರಾ? ಸುಮ್ಮನೆ ಕೇಳಿದೆ. ನೀನಾಗಿ ಹೋಗಿ ವಿಚಾರಿಸಬೇಡ.

ಮಹಾಲಯ ಅಮಾವಾಸ್ಯೆಗೆ ಕಲಾವತಿಯನ್ನು ಕಳಿಸು. ಎಡೆ ಇಡಲು ನನ್ನೊಬ್ಬಳ ಕೈಲಿ ಆಗುವುದಿಲ್ಲ.

ಮುನಿಕೆಂಪಮ್ಮ


ತಣಿಸಂದ್ರ
30 ಸೆಪ್ಟೆಂಬರ್ 2011

ಅಕ್ಕಾ,

ಮಹಾಲಯ ಅಮಾವಾಸ್ಯೆ ಮುಗಿಸ್ಕೊಂಡು ಕಲಾವತಿ ವಾಪಸ್ ಬಂದ್ಲು. ಬಂದವಳು ಚಪ್ಪಲಿ ಬಿಡದೆ ಹೊಸಿಲ ಮೇಲೇ ಕೂತ್ಬಿಟ್ಲು. "ನಿಮ್ ಅಕ್ಕ ಮೂರು ಎಲೆ ಹಾಕವ್ರೆ ಕಣ್ರೀ" ಅಂದ್ಲು. ಅಪ್ಪನಿಗೊಂದು, ಭಾವನಿಗೊಂದು. ಮೂರನೇದು ಮೂಲೇಲಿ, ಮುಂದೆ ಹೊಸ ಟವೆಲ್ಲು ಮಡಚಿಟ್ಟು. "ಯಾರ್ಗೆ ಅತ್ಗೆ?" ಅಂತ ಕೈಸನ್ನೆ ಮಾಡಿದ್ದಕ್ಕೆ ನೀನು ಸೆರಗು ಬಾಯಿಗಿಟ್ಕೊಂಡು ಹಿತ್ತಲಿಗೆ ಹೋದೆಯಂತೆ.

ಯಾರಿಗೆ ಅಕ್ಕಾ? ಇನ್ಯಾರಿದಾರೆ ನಮ್ಮ ಮನೇಲಿ ಎಲೆ ಹಾಕೋಕೆ?

ಅವನ ಹೆಣ ನೋಡಿದೀಯಾ ನೀನು? ನಾನು ನೋಡಿಲ್ಲ. ನಾನು ಎಷ್ಟು ಹೆಣ ನೋಡಿದೀನಿ ಗೊತ್ತಾ? ಬಳಗದಲ್ಲಿ ಊಟ ಬಡಿಸ್ತೀನಿ ಅಂತ ಬರೆದೆನಲ್ಲ, ಅದು ದೊಡ್ಡಾಸ್ಪತ್ರೆ. ಹೆಸರಿಲ್ಲದೆ, ನೆಂಟರಿಲ್ಲದೆ ಬಿದ್ದಿರ್ತಾರಲ್ಲ, ಅವರಿಗೆ ತಿನ್ನಿಸೋದು, ಒರೆಸೋದು, ಮಗ್ಗಲು ತಿರುಗಿಸೋದು ನಮ್ಮ ಕೆಲಸ. ನಾನೇನು ಪುಣ್ಯ ಕಟ್ಕೊಳ್ಳೋಕೆ ಹೋದವನಲ್ಲ. ಹೆಸರಿಲ್ಲದೆ ಬಂದೋರಲ್ಲಿ ನಮ್ಮ ಹುಡುಗ ಇರಬಹುದು ಅಂತ ಹೋದೆ. ಟೀ ಶರ್ಟು ಇದ್ರೆ ಯಾವ ಬಾಗಿಲಲ್ಲೂ ತಡೆಯಲ್ಲ, ಹೆಣ ಇಡೋ ರೂಮಿನಲ್ಲೂ. ಆ ಟೀ ಶರ್ಟಿನ ನಿಜವಾದ ಲಾಭ ಅದು. ಬಟ್ಟೆ ಸರಿಸ್ತಾರೆ, ನಾನು ಮುಖ ನೋಡ್ತೀನಿ. ಅವನಲ್ಲ ಅಂದ ತಕ್ಷಣ ಖುಷಿ ಆಗುತ್ತೆ. ಇನ್ನೊಬ್ಬರ ಮನೆ ಮಗ ಸತ್ತು ಮಲಗಿದಾನೆ, ನನಗೆ ಖುಷಿ. ಹೊರಗೆ ಬಂದು ನಲ್ಲಿ ಕೆಳಗೆ ಕೈಯಿಟ್ಟು ನಿಲ್ತೀನಿ, ವಾಜಿದ್ ಬಂದು ನಲ್ಲಿ ನಿಲ್ಲಿಸ್ತಾನೆ.

ಇಷ್ಟು ದಿನ ನಿನಗೆ ಹೇಳಲಿಲ್ಲ. ಅಲ್ಲಿಂದ ಬಂದು ನಿನಗೆ ಜೋಕ್ ಬರೀತಿದ್ದೆ. ನೀನು ಅಲ್ಲಿ ಅವನಿಗೆ ಎಲೆ ಹಾಕಿ ಕೈ ತೊಳ್ಕೊಂಡೆ.

ನಿನ್ನ ಆಣೆ ನಾನು ಇನ್ನು ಕೇಳಲ್ಲ. ಹತ್ತನೇ ತಾರೀಕು ಸೋಮವಾರ ಫೋಟೋ ತಗೊಂಡು ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟು ಕೊಡ್ತೀನಿ.

ಸೊಣ್ಣಪ್ಪ


ಶಿಡ್ಲಘಟ್ಟ
4 ಅಕ್ಟೋಬರ್ 2011

ಸೊಣ್ಣಾ, ನನ್ನಪ್ಪಾ, ಸ್ಟೇಷನ್ನಿಗೆ ಹೋಗಬೇಡ. ಈ ಕಾಗದ ನಿನಗೆ ಸೋಮವಾರದೊಳಗೆ ಸಿಗಲಿ ಎಂದು ಬಸ್ಸಿನಲ್ಲಿ ಬರುವವರ ಕೈಲಿ ಕಳಿಸುತ್ತಿದ್ದೇನೆ.

ಆ ಎಲೆ ಅಶ್ವತ್ಥನಿಗಲ್ಲ. ಅವನು ಬದುಕಿದ್ದಾನೆ. ಎಲ್ಲಿದ್ದಾನೆ ಎಂದು ನನಗೆ ಗೊತ್ತು. ನೀನು ಬಂದು ಬೀದಿಯಲ್ಲಿ ಕೂಗಿ ಕೇಳಿದೆಯಲ್ಲ, ಆಗಲೂ ಗೊತ್ತಿತ್ತು.

ಅವತ್ತು ಬೆಳಕು ಹರಿಯುವ ಮುಂಚೆ ಗೊರಗುಂಟೆಪಾಳ್ಯದಲ್ಲಿ ಒಬ್ಬರು ತಲೆಯ ಮೇಲೆ ಚೀಲ ಹೊತ್ತು ಅಡ್ಡ ಬಂದರಂತೆ. ಇವನು ಬ್ರೇಕು ಹಾಕಿದರೂ ನಿಲ್ಲಲಿಲ್ಲವಂತೆ. ಚೀಲ ಒಡೆದು ರಸ್ತೆ ತುಂಬ ಕಡ್ಲೇಕಾಯಿ. ಇವನು ಇಳಿದು ನೋಡಿದನಂತೆ, ಆಳು ಉಸಿರಾಡಲಿಲ್ಲವಂತೆ. ಓಡಿ ಬಂದುಬಿಟ್ಟ. ನನ್ನ ಕಾಲು ಹಿಡಿದು, "ಅಮ್ಮಾ, ಒಂದು ಜೀವ ತೆಗೆದ್ಬಿಟ್ಟೆ" ಎಂದ. ನನಗೆ ಕೇಳಿಸಲಿಲ್ಲ. ತುಟಿ ನೋಡಿ ತಿಳಿದುಕೊಂಡೆ. ಅದನ್ನು ಎರಡು ಸಲ ಹೇಳಿಸಿದ ಪಾಪಿ ನಾನು.

ಗಡಿ ಆಚೆ ಒಂದು ಊರಿಗೆ ಕಳಿಸಿದ್ದೇನೆ. ಊರಿನ ಹೆಸರು ಬರೆಯುವುದಿಲ್ಲ. ಯಾರಾದರೂ ಹುಡುಕಿಕೊಂಡು ಹೋದರೆ ಇನ್ನೂ ದೂರ ಹೋಗುತ್ತಾನೆ, ಇಲ್ಲವೇ ಏನಾದರೂ ಮಾಡಿಕೊಳ್ಳುತ್ತಾನೆ. ಈಗಲೇ ಅನ್ನ ಮುಟ್ಟುವುದಿಲ್ಲವಂತೆ.

ಆ ಸತ್ತವರಿಗೆ ಮಕ್ಕಳಿದ್ದರೋ ಇಲ್ಲವೋ. ಯಾರು ಎಡೆ ಇಡುತ್ತಾರೆ? ನನ್ನ ಮಗನಿಂದ ಹೋದ ಜೀವ, ನಾನೇ ಇಡಬೇಕು ಎಂದು ಇಟ್ಟೆ. ಹೆಸರು ತಿಳಿಯದೆ "ಯಪ್ಪಾ, ಯಾರೋ ಏನೋ, ಬಂದು ಉಣ್ಣು" ಎಂದು ಕರೆದೆ.

ನಿನಗೆ ಹೇಳಿದರೆ ನಿನ್ನ ಬಾಯಿಯಲ್ಲಿ ನಿಲ್ಲುವುದಿಲ್ಲವೆಂದು ಹೆದರಿದೆ. ನೀನು ಹೆಣದ ಮುಖ ನೋಡುತ್ತಾ ತಿರುಗುತ್ತಿದ್ದೆ ಎಂದು ನನಗೆ ಗೊತ್ತಿರಲಿಲ್ಲ ಕಣೋ.

ಅಕ್ಕ


ತಣಿಸಂದ್ರ
8 ಅಕ್ಟೋಬರ್ 2011

ಅಕ್ಕಾ! ಅಕ್ಕಾ! ಅಕ್ಕಾ!

ನಿನ್ನ ಎಲೆ ತೆಗೆದಾಕು! ಆ ಮನುಷ್ಯ ಸತ್ತಿಲ್ಲ. ನಿನ್ನೆ ನನ್ನ ಕೈಯಾರೆ ಇಡ್ಲಿ ತಿಂದು, "ಚಟ್ನೀಗ್ ಉಪ್ಪಿಲ್ಲ" ಅಂತ ನನ್ನನ್ನೇ ಬೈದ.

ಕಡ್ಲೇಕಾಯಿ ಅಂತ ಬರೆದಿದ್ನಲ್ಲ, ಅವನು ನಮ್ಮ ಬಳಗದೋನಲ್ಲ. ಪೇಷೆಂಟು. ನನ್ನ ಜೋಕು ಕೇಳಿ ಎದ್ದು ಹೋಗಲಿಲ್ಲ ಅಂದೆನಲ್ಲ, ಎದ್ದು ಹೋಗೋಕೆ ಅವನಿಗೆ ಕಾಲು ನೆಟ್ಟಗಿರಲಿಲ್ಲ. ಜೂನ್ ಕಡೇಲಿ ಗೊರಗುಂಟೆಪಾಳ್ಯದಿಂದ ತಂದು ಹಾಕಿದ್ರಂತೆ. ತಲೆಗೆ ಏಟು, ಕಾಲು ಮುರಿದು, ಯಾರು ಏನು ಅಂತ ಹೇಳೋಕೆ ಬಾಯಿಲ್ಲ. ಅಂಗಿ ಬಿಚ್ಚಿದ್ರೆ ಒಳಗೆಲ್ಲ ಕಡ್ಲೇಕಾಯಿ. ಅದಕ್ಕೇ ಆ ಹೆಸರು. ಈಗ ಒಂದೊಂದೇ ಮಾತು ಬರ್ತಿದೆ. ಪಿಳ್ಳಪ್ಪ ಅಂತ ಹೆಸರು. ಹೆಂಡತಿ ಹೋಗಿದಾಳೆ, ಮಕ್ಕಳಿಲ್ಲ. ಯಶವಂತಪುರ ಸರ್ಕಲ್ಲಲ್ಲಿ ಕಡ್ಲೇಕಾಯಿ ಮಾರ್ತಿದ್ದೋನು.

ನಿನ್ನ ಎಲೆ ವಿಷಯ ಅವನಿಗೆ ಹೇಳ್ಬಿಟ್ಟೆ. ಹುಡುಗ ಯಾರು ಅಂತ ಹೇಳಲಿಲ್ಲ, ಯಾರೋ ತಾಯಿ ನೀನು ಸತ್ತೆ ಅಂತ ಎಡೆ ಇಟ್ಟವ್ಳೆ ಅಂದೆ ಅಷ್ಟೆ. ಬಹಳ ಹೊತ್ತು ಯೋಚನೆ ಮಾಡಿ, "ಏನೇನ್ ಇಕ್ಕಿದ್ಲಂತೆ?" ಅಂದ. ಮುದ್ದೆ, ಕೋಳಿ ಸಾರು, ವಡೆ ಅಂದೆ. "ಇಲ್ಲಿ ಬ್ರೆಡ್ ಕೊಟ್ಟು ಸಾಯಿಸ್ತಾವ್ರೆ, ಅಲ್ಲಿ ಕೋಳಿ ಇಕ್ಕವ್ರೆ. ನನ್ಗೆ ಯಾಕ್ ಬರ್ಲಿಲ್ಲ?" ಅಂದ. ಪಕ್ಕದ ಪೇಷೆಂಟಿಗೆ ಕಟಿಂಗ್ ಮಾಡ್ತಿದ್ದ ವಾಜಿದ್ ಭಾಯ್ ನಗ್ತಾ ಕತ್ತರಿ ಕೆಳಗೆ ಹಾಕ್ದ.

ಈ ಕಾಗದ ಹಂಗೇ ಅವನಿಗೆ ತಲುಪಿಸು. ಮುಂದಿನ ಬಸ್ಸು ಹತ್ತು ಅನ್ನು. ಹೋಳಿಗೆ ಮಾಡಿಸ್ತೀನಿ!

ಸೊಣ್ಣ


ಶಿಡ್ಲಘಟ್ಟ
19 ಅಕ್ಟೋಬರ್ 2011

ಸೊಣ್ಣಾ,

ನಿನ್ನ ಕಾಗದ ಓದಿ ನಾನು ದೇವರ ಮುಂದೆ ಬಿದ್ದುಬಿಟ್ಟೆ. ಗುರುತಿನವರ ಕೈಲಿ ಅವನಿಗೆ ತಲುಪಿಸಿದೆ. ಅವನು ನಂಬಲಿಲ್ಲ.

"ಅಮ್ಮನಿಗೆ ಹೇಳಿ, ಇದು ಮಾಮನ ಜೋಕು" ಎಂದನಂತೆ. ಸತ್ತವರು ಕೋಳಿ ಸಾರು ಕೇಳಿದರಂತೆ, ಚಟ್ನಿಗೆ ಉಪ್ಪಿಲ್ಲವೆಂದರಂತೆ, ಯಾರು ನಂಬುತ್ತಾರೆ? ತನ್ನನ್ನು ವಾಪಸ್ ಕರೆಸಿಕೊಳ್ಳಲು ಮಾಮ ಕಥೆ ಕಟ್ಟಿದ್ದಾನೆ, ಸಣ್ಣವನಿದ್ದಾಗ ಔಷಧಿ ಕುಡಿಸಲು ಹೀಗೇ ಕಟ್ಟುತ್ತಿದ್ದ ಎಂದನಂತೆ. ಹೇಳುತ್ತಾ ನಕ್ಕನಂತೆ. ಆಮೇಲೆ ಗೋಡೆಗೆ ತಲೆ ಚಚ್ಚಿಕೊಂಡನಂತೆ.

ಇಲ್ಲಿ ಎಲ್ಲರಿಗೂ ತಿಳಿದುಹೋಗಿದೆ, ಇನ್ನು ಇಲ್ಲಿರುವುದಿಲ್ಲ ಎಂದು ಹೇಳಿ ಕಳಿಸಿದ್ದಾನೆ. ದೀಪಾವಳಿ ಕಳೆದ ಮೇಲೆ ಎಲ್ಲಿಗೋ ಹೊರಡುತ್ತಾನೆ. ಆಮೇಲೆ ಎಲ್ಲಿರುತ್ತಾನೆಂದು ನನಗೂ ತಿಳಿಯುವುದಿಲ್ಲ.

ನಾನು ನಿನ್ನನ್ನು ನಂಬುತ್ತೇನೆ. ನನ್ನ ನಂಬಿಕೆಯಿಂದ ಏನು ಪ್ರಯೋಜನ? ಏನಾದರೂ ಮಾಡು.

ಅಕ್ಕ


ದೊಡ್ಡಾಸ್ಪತ್ರೆಯಿಂದ
24 ಅಕ್ಟೋಬರ್ 2011

ಅಕ್ಕಾ,

ಇದರಲ್ಲಿ ಒಂದೂ ಜೋಕಿಲ್ಲ.

ಬಸ್ಸು ಹತ್ತಿ ನಿನ್ನ ಹತ್ರ ಬರೋಣ ಅಂತ ಹೊರಟಿದ್ದೆ. ಅಷ್ಟರಲ್ಲಿ ಪಿಳ್ಳಪ್ಪಣ್ಣನಿಗೆ ಜ್ವರ ಏರ್ತು. ಕಾಲಿನ ಗಾಯ ಕೀವಾಗಿ ಮೇಲಕ್ಕೆ ಹತ್ತಿತ್ತು. ಮೊಣಕಾಲಿನ ಮೇಲಕ್ಕೆ ಕತ್ತರಿಸಿದ್ರು. ನೆಂಟರು ಅಂತ ನಿಂತ್ಕೊಳ್ಳೋಕೆ ಯಾರೂ ಇರಲಿಲ್ಲ, ನಾನು ನಿಂತೆ. ವಾಜಿದ್ ರಕ್ತ ಕೊಟ್ಟ. ಎರಡು ದಿನ ಅವನಿಗೆ ಎಚ್ಚರ ಇಲ್ಲ. ನಾನು ಹಾಸಿಗೆ ಪಕ್ಕ ಕೂತು ಮೊದಲನೇ ಸಲ ದೇವರನ್ನ ಬೈದೆ. ಈ ಮನುಷ್ಯ ಹೋದ್ರೆ ನಮ್ಮ ಹುಡುಗ ಅಂದ್ಕೊಂಡಿದ್ದೇ ನಿಜ ಆಗಿಬಿಡುತ್ತೆ. ಆಮೇಲೆ ನನಗೇ ನಾಚಿಕೆ ಆಯ್ತು. ಅವನ ಜೀವ ನಮ್ಮ ಹುಡುಗನಿಗೋಸ್ಕರ ಮಾತ್ರ ಬೇಕಾ ನಿನಗೆ ಅಂತ.

ಇವತ್ತು ಕಣ್ಣು ಬಿಟ್ಟ. ಕಾಲು ನೋಡ್ಕೊಂಡ. ನೀರು ಬೇಕು ಅಂದ. ಕುಡಿಸಿದೆ. ಅದನ್ನ ಕುಡಿದು ತಾನಾಗೇ ಹೇಳ್ದ:

"ಇದು ಬರೀ ನೀರು. ಅವತ್ತು ರಸ್ತೇಲಿ ಬಿದ್ದಿದ್ದಾಗ ಒಬ್ ಹುಡುಗ ನೀರು ಬಿಟ್ಟ ಬಾಯ್ಗೆ. 'ಅಣ್ಣಾ ಅಣ್ಣಾ' ಅಂತ ಒಂದೇ ಸಮ ಅಳ್ತಿದ್ದ. ನನ್ಗೆ ಎಲ್ಲಾ ಕೇಳ್ತಿತ್ತು, ರೆಪ್ಪೆ ಎತ್ತಕ್ ಆಗ್ತಿರ್ಲಿಲ್ಲ. ನುಂಗಕ್ಕೂ ಆಗ್ಲಿಲ್ಲ, ಎಲ್ಲಾ ಕಟವಾಯಿಂದ ಆಚೆ ಓಯ್ತು. ಆ ನೀರಲ್ಲಿ ಜೀರಿಗೆ ವಾಸ್ನೆ ಇತ್ತು. ರಸ್ತೇಲಿ ಜೀರಿಗೆ ನೀರು ಕುಡಿಸೋನ್ ಯಾವನಪ್ಪಾ ಅಂದ್ಕೊಂಡೆ. ಆಮ್ಯಾಕೆ ಓಡೋದ."

ಅಕ್ಕಾ, ಬಾಯಿಗೆ ಬಿಟ್ಟ ನೀರು ಹೊರಗೆ ಬಂದಿದ್ದು ನೋಡಿ ಹುಡುಗ ಜೀವ ಹೋಯ್ತು ಅಂದ್ಕೊಂಡಿದಾನೆ. ಸಾಯೋರಿಗೆ ಬಿಡೋ ನೀರು ಬಿಟ್ಟೆ ಅಂದ್ಕೊಂಡು ಓಡಿದಾನೆ.

ಅವನು ನೀರು ಬಿಟ್ಟಿದ್ದನ್ನ ನಿನಗೆ ಹೇಳಿಲ್ಲ. ಹೇಳಿದ್ರೆ ನೀನು ನನಗೆ ಬರೀತಿದ್ದೆ. ಅವನಿಗೂ ಬಿದ್ದಿದ್ದ ಮನುಷ್ಯನಿಗೂ ಬಿಟ್ರೆ ಇನ್ಯಾರಿಗೂ ಗೊತ್ತಿಲ್ಲದ ಮಾತಿದು. ಸೊಣ್ಣ ಮಾಮ ಎಂಥಾ ಸುಳ್ಳು ಬೇಕಾದ್ರೂ ಕಟ್ತಾನೆ, ಇದನ್ನ ಹೆಂಗೆ ಕಟ್ತಾನೆ? ಇಷ್ಟು ಮಾತ್ರ ಅವನಿಗೆ ಕೇಳು.

ಸುಳ್ಳು ಸಮಾಧಾನ ಬೇಡ. ಕಾಲು ಹೋಗಿದೆ. ಪೊಲೀಸ್ ಕೇಸಿದೆ, ಗಾಡಿ ಯಾವುದು ಅಂತ ಇನ್ನೂ ಸಿಕ್ಕಿಲ್ಲ. ಸರಳಾ ಮೇಡಂಗೆ ಎಲ್ಲಾ ಹೇಳ್ದೆ. "ಅವನೇ ಬಂದು ಒಪ್ಕೊಳ್ಳಲಿ, ವಕೀಲರನ್ನ ನಾನು ಕರ್ಕೊಂಡ್ ಬರ್ತೀನಿ. ಆದ್ರೆ ಪಿಳ್ಳಪ್ಪನವರಿಗೆ ಮೊದಲು ಮುಖ ತೋರಿಸ್ಬೇಕು" ಅಂದ್ರು.

ಬಸ್ಸಲ್ಲಿ ಬರೋರ ಕೈಲಿ ಕಳಿಸ್ತಿದೀನಿ, ಹಬ್ಬದೊಳಗೆ ಇದನ್ನ ತಲುಪಿಸು ಅಕ್ಕಾ. ನಿನ್ನ ಕಾಲಿಗೆ ಬೀಳ್ತೀನಿ.

ಸೊಣ್ಣಪ್ಪ


ಶಿಡ್ಲಘಟ್ಟ
5 ನವೆಂಬರ್ 2011

ಸೊಣ್ಣಾ,

ಹಬ್ಬದ ದಿನ ಕಾಗದ ತಲುಪಿತಂತೆ. ಅವನು ಅಲ್ಲೇ ಕೂತನಂತೆ. ಜೀರಿಗೆ ನೀರು ಎಂಬ ಕಡೆ ಬೆರಳಿಟ್ಟು ಮತ್ತೆ ಮತ್ತೆ ಓದಿದನಂತೆ. ಮರುದಿನ ಬೆಳಗ್ಗೆ ಯಾರಿಗೂ ಹೇಳದೆ ಹೋಗಿದ್ದಾನೆ. ನನ್ನ ಹತ್ತಿರ ಬಂದಿಲ್ಲ. ಅಲ್ಲಿಗೆ ಬಂದನಾ? ವಾರದ ಮೇಲಾಯಿತು. ಕೈ ನೂಲಿನ ಮೇಲೆ ನಿಲ್ಲುತ್ತಿಲ್ಲ, ಕೆಲಸಕ್ಕೆ ಹೋಗುತ್ತಿಲ್ಲ. ಬಂದನೋ ಇಲ್ಲವೋ, ಒಂದೇ ಮಾತು ಬರಿ.

ಅಕ್ಕ


ತಣಿಸಂದ್ರ
10 ನವೆಂಬರ್ 2011

ಅಕ್ಕಾ,

ಬಂದ.

ಎಲ್ಲೆಲ್ಲಿ ತಿರುಗಿದನೋ ಹೇಳಲ್ಲ. ಗೊರಗುಂಟೆಪಾಳ್ಯದಲ್ಲೇ ಎರಡು ದಿನ ಕೂತಿದ್ನಂತೆ, ಆಸ್ಪತ್ರೆ ಕಡೆ ಕಾಲು ಬರಲಿಲ್ಲವಂತೆ. ಮೊನ್ನೆ ಬೆಳಗ್ಗೆ ನಮ್ಮ ಹೊಸಿಲ ಮುಂದೆ ನಿಂತಿದ್ದ. ಎಷ್ಟು ಇಳಿದುಹೋಗಿದಾನೆ ಅಂದ್ರೆ ಕಲಾವತಿ ಯಾರೋ ಚಂದಾ ಕೇಳೋಕೆ ಬಂದವ್ರೆ ಅಂದ್ಕೊಂಡ್ಲು. ಗುರುತು ಸಿಕ್ಕ ಮೇಲೆ ಎರಡು ಬಾರಿಸಿದ್ಲು, ಆಮೇಲೆ ತಬ್ಬಿಕೊಂಡ್ಲು, ಆಮೇಲೆ ಒಲೆ ಮೇಲೆ ನೀರಿಟ್ಟು ಜೀರಿಗೆ ಹಾಕಿದ್ಲು.

ಆ ಬಾಟಲಿ ಹಿಡ್ಕೊಂಡೇ ವಾರ್ಡಿಗೆ ಹೋದ್ವಿ. ನಾನು ದಾರಿ ಉದ್ದಕ್ಕೂ ಬಾಯಿ ಬಿಡಲಿಲ್ಲ. ವಾಜಿದ್ ನೋಡಿ ಹೆದರಿಬಿಟ್ಟ, "ಅಣ್ಣ, ಹುಷಾರಾಗಿದೀರಾ?" ಅಂತ.

ಅಶ್ವತ್ಥ್ ಹಾಸಿಗೆ ಕಾಲ್ಗಡೆ ನಿಂತ. ಅಲ್ಲಿ ಒಂದು ಕಾಲು ಇಲ್ಲ. ಹೊದಿಕೆ ಆ ಕಡೆ ಚಪ್ಪಟೆಯಾಗಿ ಬಿದ್ದಿತ್ತು. ಅದನ್ನೇ ನೋಡ್ತಾ ನಿಂತುಬಿಟ್ಟ. ಪಿಳ್ಳಪ್ಪಣ್ಣ, "ಯಾರೋ ಅದು, ಹೊಸಬನಾ?" ಅಂದ. ನಾನು ಬಾಯಿ ತೆರೆಯೋಕೆ ಹೋದೆ, ಸರಳಾ ಮೇಡಂ ನನ್ನ ಕೈ ಅಮುಕಿದ್ರು.

ಹುಡುಗ ಬಾಟಲಿ ತೆಗೆದು ಲೋಟಕ್ಕೆ ಬಗ್ಗಿಸಿದ. ಅರ್ಧ ಹಾಸಿಗೆ ಮೇಲೆ ಚೆಲ್ತು. ಮುದುಕ ಒಂದು ಗುಟುಕು ಕುಡಿದ. ಬಾಯಲ್ಲೇ ಇಟ್ಕೊಂಡ. ನುಂಗಿದ. ಆಮೇಲೆ ಅವನ ಮುಖ ನೋಡಿದ, ನಾನು ಎಷ್ಟೋ ಹೆಣದ ಮುಖ ನೋಡಿದೆನಲ್ಲ, ಅದೇ ಥರ, ಇವನೋ ಅಲ್ಲವೋ ಅಂತ.

"ಓಡೋದ್ಯಲ್ಲೋ" ಅಂದ.

ಅಶ್ವತ್ಥ್ ಮಂಚದ ಕಂಬಿ ಹಿಡ್ಕೊಂಡು ಕೆಳಗೆ ಕೂತ. "ಸತ್ತೋದ್ರಿ ಅಂದ್ಕೊಂಡೆ ಅಣ್ಣಾ. ತಪ್ಪಾಯ್ತು. ಮಾಪ್ ಮಾಡಿ ಅನ್ನಕ್ಕೂ ನನ್ಗೆ ಬಾಯಿಲ್ಲ" ಅಂತ ಅತ್ತ.

ಪಿಳ್ಳಪ್ಪಣ್ಣ ಅಳಲಿಲ್ಲ, ಬೈಯಲೂ ಇಲ್ಲ. ಕಿಟಕಿ ಕಡೆ ತಿರುಗಿದ. ಕೊನೆಗೆ ಅಂದ:

"ಮಾಪು ಗೀಪು ಆಮ್ಯಾಕ್ ನೋಡಾಣ. ಮದ್ಲು ಮಗ್ಗಲು ತಿರುಗ್ಸು. ಬೆನ್ನು ಉರೀತೈತೆ."

ಅವನಿಗೆ ತಿರುಗಿಸೋಕೆ ಬರಲ್ಲ. ಎದ್ದು ಸುಮ್ಮನೆ ಭುಜಕ್ಕೆ ಕೈ ಹಾಕ್ದ. ನಾನು ತೋರಿಸಿಕೊಟ್ಟೆ. ಕೆಳಗಿನ ಬೆಡ್‌ಶೀಟು ಎರಡು ಕಡೆಯಿಂದ ಸುತ್ತಿ ಹಿಡೀಬೇಕು, ಒಬ್ಬ ಎಳೀಬೇಕು, ಇನ್ನೊಬ್ಬ ಬಿಡ್ತಾ ಬರಬೇಕು. ನಾನು ಒಂದು ಕಡೆ ಹಿಡಿದೆ, ಅವನು ಇನ್ನೊಂದು ಕಡೆ. ತಿರುಗಿಸಿದ್ವಿ. ಬೆನ್ನೆಲ್ಲ ಕೆಂಪಗಾಗಿತ್ತು. ಅವನು ಅದಕ್ಕೆ ಪೌಡರ್ ಹಾಕ್ತಾ ಹಾಕ್ತಾ ಒಂದೊಂದೇ ಸಲ ಬಿಕ್ಕಿದ. "ಮೆಲ್ಲಗೆ ಕಣೋ, ಟೆಂಪೋ ಒರೆಸಿದಂಗ್ ಒರೆಸ್ಬ್ಯಾಡ" ಅಂದ ಮುದುಕ. ವಾರ್ಡಿನಲ್ಲಿ ಯಾರೋ ನಕ್ಕರು. ನಾನು ನಗಲಿಲ್ಲ, ನನ್ನ ಕೈಲಿ ಆಗಲಿಲ್ಲ.

ನಾಳೆ ಬೆಳಗ್ಗೆ ಸ್ಟೇಷನ್ನಿಗೆ ಹೋಗ್ತೀವಿ. ವಕೀಲರು ಬರ್ತಾರೆ. ಎಷ್ಟು ದಿನ ಒಳಗಿಡ್ತಾರೋ, ಏನು ಶಿಕ್ಷೆ ಆಗುತ್ತೋ ಗೊತ್ತಿಲ್ಲ, ನನಗೆ ಹೆದರಿಕೆ ಇದೆ. ಅವನಿಗಿಲ್ಲ. ನಿನ್ನೆ ಪೂರ್ತಿ ವಾರ್ಡಿನಲ್ಲೇ ಇದ್ದ. ನನ್ನ ಟೀ ಶರ್ಟೇ ಹಾಕ್ಕೊಂಡಿದ್ದ, ಒಗೆದು ಒಗೆದು ಹಳದಿ ಹೋಗಿ ಬೆಣ್ಣೆ ಬಣ್ಣ ಆಗಿದೆ. ಅವನಿಗೆ ದೊಗಲೆ. ಸಾಯಂಕಾಲ ಅನ್ನ ಕೇಳಿ ತಿಂದ.

ಪಿಳ್ಳಪ್ಪಣ್ಣ ನಿನಗೊಂದು ಮಾತು ಹೇಳಿ ಕಳಿಸಿದಾನೆ. ಆ ಮೂಲೇಲಿಟ್ಟ ಹೊಸ ಟವೆಲ್ಲು ಇನ್ನೂ ಇದ್ರೆ ಯಾರ ಕೈಲಾದ್ರೂ ಕಳಿಸಬೇಕಂತೆ. ಹೆಂಗಿದ್ರೂ ಅದು ಅವನದೇ ಅಂತೆ.

ಸೊಣ್ಣ